ಒಂದು ಬಾಟಲ್ ಮ್ಯಾನಿಟಾಲ್, ಒಂದು ರೆಫರಲ್ ಚೀಟಿ: ನಮ್ಮ ತಲೆಯ ಬೆಲೆ ಇಷ್ಟೇನಾ?



ಉದ್ದದ ಪೋಸ್ಟ್ ಇದು. ಬಿಡುವು ಮಾಡಿಕೊಂಡು ಪೂರ್ತಿ ಓದಿ. ಇವತ್ತು ಚಾರ್ಜ್‌ಶೀಟ್, ಬೇಲ್ ಬಗ್ಗೆ ಬರೀತಿಲ್ಲ. ತಲೆಗೆ ಏಟು ಬಿದ್ದಾಗ ಮೆದುಳಿನ ಊತ ಇಳಿಸೋಕೆ ಕೊಡೋ ಔಷಧಿಗಳ ಬಗ್ಗೆ ಬರೀತಿದ್ದೀನಿ. ಇದು ಡಾಕ್ಟರುಗಳ ವಿಷಯ, ಹೋರಾಟಗಾರರಿಗೆ ಯಾಕೆ ಬೇಕು ಅನ್ನೋರು ಕೊನೇತನಕ ಓದಿ, ಆಮೇಲೆ ಹೇಳಿ.

ನಮ್ಮ ಜನರ ಮೇಲಿನ ದೌರ್ಜನ್ಯದ ಎಫ್‌ಐಆರ್‌ಗಳನ್ನ ಓದಿದವರಿಗೆ ಒಂದು ಸಾಲು ಬಾಯಿಪಾಠ ಆಗಿರುತ್ತೆ. ಜಾತಿ ಹಿಡಿದು ಬೈದರು. ದೊಣ್ಣೆಯಿಂದ, ಕಲ್ಲಿನಿಂದ, ಕೊಡಲಿ ಕಾವಿನಿಂದ ತಲೆಗೆ ಹೊಡೆದರು. ತಲೆ ಎತ್ತಿ ನಡೆದದ್ದೇ ತಪ್ಪು ಅನ್ನೋರಿಗೆ ಮೊದಲು ಕಾಣೋದು ತಲೆಯೇ. 1927ರಲ್ಲಿ ಮಹಾಡ್‌ನ ಚವದಾರ್ ಕೆರೆಯ ನೀರು ಮುಟ್ಟಿದ ನಮ್ಮ ಹಿರಿಯರ ಮೇಲೆ ದೊಣ್ಣೆ ಹಿಡಿದು ಬಿದ್ದರಲ್ಲ, ಅವತ್ತಿಂದ ಇವತ್ತಿನವರೆಗೂ ಇದೇ ಚಾಳಿ. ದೌರ್ಜನ್ಯ ಬಿಡಿ. ಬೆಂಗಳೂರಿನ ಕಟ್ಟಡಗಳ ಸಾರುವೆಯಿಂದ ಜಾರಿ ಬೀಳೋರು ಯಾರು? ಗೂಡ್ಸ್ ಗಾಡಿಯಲ್ಲಿ ಮೂಟೆಗಳ ಹಾಗೆ ತುಂಬಿಕೊಂಡು ಕೂಲಿಗೆ ಹೋಗಿ ರಸ್ತೆಗೆ ಚೆಲ್ಲಿಹೋಗೋರು ಯಾರು? ಹೆಲ್ಮೆಟ್ ಇಲ್ಲದೆ ಕಲ್ಲುಕ್ವಾರಿಗೆ ಇಳಿಯೋರು ಯಾರ ಮಕ್ಕಳು?

ಹಾಗಾಗಿ ತಲೆಗೆ ಬಿದ್ದ ಏಟಿಗೆ ಏನು ಚಿಕಿತ್ಸೆ ಅನ್ನೋದು ನಮಗೆ ಪರೀಕ್ಷೆ ಪ್ರಶ್ನೆ ಅಲ್ಲ. ಕೇರಿಯ ಪ್ರಶ್ನೆ.

ಮೊದಲು ಒಳಗೆ ಏನಾಗುತ್ತೆ ಅಂತ ತಿಳ್ಕೊಳ್ಳೋಣ. ಕಾಲು ಉಳುಕಿದ್ರೆ ಕಾಲು ಊದಿಕೊಳ್ಳುತ್ತೆ, ಚರ್ಮ ಹಿಗ್ಗಿ ಜಾಗ ಕೊಡುತ್ತೆ. ತಲೆಬುರುಡೆ ಹಿಗ್ಗಲ್ಲ. ಅದು ಮುಚ್ಚಿದ ಡಬ್ಬಿ. ಒಳಗಿರೋದು ಮೂರೇ: ಮೆದುಳು, ರಕ್ತ, ಮೆದುಳಿನ ಸುತ್ತಲಿನ ನೀರಿನಂಥ ದ್ರವ. ಒಂದು ಹೆಚ್ಚಾದ್ರೆ ಇನ್ನೊಂದಕ್ಕೆ ಜಾಗ ಇಲ್ಲ. ಮೆದುಳು ಊದಿಕೊಂಡಂತೆ ಒತ್ತಡ ಏರುತ್ತೆ, ಒತ್ತಡ ಏರಿದಂತೆ ಹೊಸ ರಕ್ತ ಒಳಗೆ ಬರೋದು ಕಷ್ಟ ಆಗುತ್ತೆ, ರಕ್ತ ಸಿಗದ ಭಾಗ ಇನ್ನಷ್ಟು ಊದಿಕೊಳ್ಳುತ್ತೆ. ಕೊನೆಗೆ ಮೆದುಳು ಕೆಳಕ್ಕೆ ಸರಿದು, ಉಸಿರಾಟ ನಡೆಸೋ ಮೆದುಳಕಾಂಡವನ್ನ ಅದುಮುತ್ತೆ. ಕಣ್ಣಿಗೆ ಟಾರ್ಚ್ ಬಿಟ್ಟರೂ ಒಂದು ಪಾಪೆ ದೊಡ್ಡದಾಗೇ ನಿಂತುಬಿಟ್ಟರೆ ಅದು ಇದರ ಗುರುತು.

ಅಂದ್ರೆ ಗಾಯ ಒಂದಲ್ಲ, ಎರಡು. ಏಟು ಬಿದ್ದ ಕ್ಷಣದಲ್ಲಿ ಆದದ್ದು ಮೊದಲನೆಯದು. ಆಮೇಲಿನ ಗಂಟೆಗಳಲ್ಲಿ, ದಿನಗಳಲ್ಲಿ ಊತದಿಂದ, ರಕ್ತಸ್ರಾವದಿಂದ, ಆಮ್ಲಜನಕ ಸಾಲದೆ, ಬಿಪಿ ಇಳಿದು ಆಗೋದು ಎರಡನೆಯದು. ಮೊದಲನೆಯದನ್ನ ಮಾಡಿದವನು ಹೊಡೆದವನು. ಎರಡನೆಯದನ್ನ ಎಷ್ಟೋ ಸಲ ತಡೀಬಹುದು. ತಡೆಯದೆ ಬಿಟ್ಟವರು ಯಾರು? ಈ ಪೋಸ್ಟ್ ಕೇಳ್ತಿರೋದು ಇಷ್ಟೇ.

ಈಗ ಔಷಧಿಗೆ ಬರ್ತೀನಿ. ಮ್ಯಾನಿಟಾಲ್. ತಾಲ್ಲೂಕು ಆಸ್ಪತ್ರೆ ಮೆಟ್ಟಿಲು ಹತ್ತಿದವರೆಲ್ಲ ಕೇಳಿರ್ತೀರಿ. ಸಕ್ಕರೆ ಜಾತಿಗೆ ಸೇರಿದ ವಸ್ತು, ಡ್ರಿಪ್‌ನಲ್ಲಿ ಕೊಡೋದು. ಅದು ರಕ್ತದಲ್ಲೇ ಉಳಿದು, ಊದಿದ ಮೆದುಳಿಂದ ನೀರನ್ನ ರಕ್ತಕ್ಕೆ ಎಳ್ಕೊಳ್ಳುತ್ತೆ, ಆ ನೀರು ಮೂತ್ರದಲ್ಲಿ ಹೋಗುತ್ತೆ. ಅರ್ಧ ಗಂಟೆಯೊಳಗೆ ಕೆಲಸ ಶುರು. ದೇಶದ ಅಗತ್ಯ ಔಷಧಿಗಳ ಪಟ್ಟಿಯಲ್ಲಿದೆ. ಒಳ್ಳೇ ಔಷಧಿ. ಇದನ್ನ ನಾನು ಬೈತಿಲ್ಲ.

ಆದರೆ ಅದು ಏನು ಮಾಡಲ್ಲ ಅನ್ನೋದೂ ಗೊತ್ತಿರಬೇಕು. ಮ್ಯಾನಿಟಾಲ್ ಹೆಪ್ಪುಗಟ್ಟಿದ ರಕ್ತವನ್ನ ತೆಗೆಯಲ್ಲ. ಒಡೆದ ರಕ್ತನಾಳ ಮುಚ್ಚಲ್ಲ. ಅದು ಕೊಡೋದು ಕೆಲವೇ ಗಂಟೆಗಳ ಗಡುವು. ಆ ಗಡುವಿನೊಳಗೆ ಸ್ಕ್ಯಾನ್ ಆಗಬೇಕು, ಬೇಕಿದ್ದರೆ ಬುರುಡೆ ತೆರೆಯೋ ಡಾಕ್ಟರ ಕೈಗೆ ಸೇರಬೇಕು. ಅಮೆರಿಕದ ಬ್ರೇನ್ ಟ್ರಾಮಾ ಫೌಂಡೇಶನ್ ಮಾರ್ಗಸೂಚಿ ಜಗತ್ತಿನ ಎಲ್ಲ ಕಡೆ ಬಳಕೆಯಲ್ಲಿದೆ. ಅದರ ಪ್ರಕಾರ ಪ್ರಮಾಣ ತೂಕದ ಮೇಲೆ: ಕಿಲೋಗೆ 0.25ರಿಂದ 1 ಗ್ರಾಂ. ಶೇ 20ರ 100 ಮಿಲಿ ಬಾಟಲಿನಲ್ಲಿ ಇರೋದು 20 ಗ್ರಾಂ. 60 ಕಿಲೋ ತೂಕದವನಿಗೆ 15ರಿಂದ 60 ಗ್ರಾಂ, ಅಂದ್ರೆ 75ರಿಂದ 300 ಮಿಲಿ. ನಾನು ನೋಡಿದ ಕೇಸ್‌ಶೀಟ್‌ಗಳಲ್ಲಿ ತೂಕ ಬರೆದದ್ದೇ ಅಪರೂಪ. ಎಲ್ಲರಿಗೂ ಒಂದೇ ಬಾಟಲ್, ದಿನಕ್ಕೆ ಮೂರು ಹೊತ್ತು, ಊಟದ ಥರ.

ಇನ್ನೊಂದು ಅಪಾಯ. ಮ್ಯಾನಿಟಾಲ್ ಮೈಯಿಂದ ನೀರು ಹೊರಹಾಕುತ್ತೆ, ಹಾಗಾಗಿ ಬಿಪಿ ಇಳಿಯಬಹುದು. ಹೊಟ್ಟೆಗೂ ಏಟು ಬಿದ್ದು ಒಳಗೆ ರಕ್ತ ಸೋರ್ತಿರೋನಿಗೆ ಬಿಪಿ ನೋಡದೆ ಕೊಟ್ಟರೆ? ತಲೆಗೆ ಪೆಟ್ಟಾದವನ ಮೇಲಿನ ಬಿಪಿ ಒಂದೇ ಒಂದು ಸಲ 90ಕ್ಕಿಂತ ಕೆಳಗಿಳಿದಿದ್ದರೂ ಅಂಥವರಲ್ಲಿ ಸಾವು ಸುಮಾರು ದುಪ್ಪಟ್ಟು ಅಂತ 1993ರಲ್ಲೇ ಅಮೆರಿಕದ ಅಧ್ಯಯನ ತೋರಿಸಿದೆ. ಇಂಥ ಕಡೆ ಶೇ 3ರ ಉಪ್ಪಿನ ದ್ರಾವಣ ಕೊಡೋದುಂಟು. ಅದೂ ಮೆದುಳಿನ ನೀರು ಎಳೆಯುತ್ತೆ, ಬಿಪಿ ಇಳಿಸಲ್ಲ. ಎರಡರಲ್ಲಿ ಇದೇ ಮೇಲು ಅಂತ ಸಾಬೀತಾಗಿಲ್ಲ. ಯಾವುದನ್ನೇ ಕೊಟ್ಟರೂ ಪಕ್ಕದಲ್ಲಿ ಬಿಪಿ ನೋಡೋ, ಆಮ್ಲಜನಕ ನೋಡೋ, ಮೂತ್ರ ಅಳೆಯೋ, ರಕ್ತದ ಸೋಡಿಯಂ ಪರೀಕ್ಷೆ ಮಾಡೋ ವ್ಯವಸ್ಥೆ ಬೇಕು. ಬಾಟಲ್ ಒಂದೇ ಚಿಕಿತ್ಸೆ ಅಲ್ಲ.

ನಾನು ಕಣ್ಣಾರೆ ಕಂಡದ್ದು ಹೇಳ್ತೀನಿ. ಊರ ಹೆಸರು, ಆಸ್ಪತ್ರೆ ಹೆಸರು ಬೇಡ. ಆ ಕುಟುಂಬ ಇನ್ನೂ ಅದೇ ಊರಲ್ಲಿ ಬದುಕಬೇಕು. ಅಂಬೇಡ್ಕರ್ ಜಯಂತಿ ಬ್ಯಾನರ್ ವಿಷಯಕ್ಕೆ ಜಗಳ, ಹುಡುಗನ ತಲೆಗೆ ಹಿಂದಿನಿಂದ ಕಲ್ಲು. ರಾತ್ರಿ 9ಕ್ಕೆ ತಾಲ್ಲೂಕು ಆಸ್ಪತ್ರೆ. ಆಗ ಮಾತಾಡ್ತಿದ್ದ. 10ಕ್ಕೆ ವಾಂತಿ, ಮಾತು ತೊದಲು. ಅಲ್ಲಿದ್ದ ಸಿಬ್ಬಂದಿ ಅಂದದ್ದು: "ಕುಡಿದಿದ್ದಾನೆ, ಮಲಗ್ಲಿ ಬಿಡಿ." ಅವನು ಕುಡಿಯೋ ಹುಡುಗನೇ ಅಲ್ಲ. ಅವರವ್ವ ಕಾಲು ಹಿಡಿದು ಹೇಳಿದ್ರೂ ಯಾರೂ ಕೇಳಲಿಲ್ಲ. ಹನ್ನೊಂದೂವರೆಗೆ ಎಬ್ಬಿಸಿದ್ರೆ ಏಳಲಿಲ್ಲ. ಆಗ ಓಡಾಟ. ಒಂದು ಬಾಟಲ್ ಮ್ಯಾನಿಟಾಲ್, ಒಂದು ರೆಫರಲ್ ಚೀಟಿ. ಜಿಲ್ಲಾ ಕೇಂದ್ರಕ್ಕೆ ಹೋದರೆ ರಾತ್ರಿ ಸ್ಕ್ಯಾನಿಂಗ್ ಮಾಡೋರಿಲ್ಲ, ಹೊರಗೆ ಮಾಡಿಸಿ. ಮಾಡಿಸಿದ್ರೆ ನರಶಸ್ತ್ರಚಿಕಿತ್ಸಕರಿಲ್ಲ, ಮುಂದಿನ ಊರಿಗೆ ಹೋಗಿ. ಆಪರೇಷನ್ ಟೇಬಲ್ ಮುಟ್ಟಿದ್ದು ಮರುದಿನ ಮಧ್ಯಾಹ್ನ. ಬಾಟಲ್ ಕೊಟ್ಟ ಗಡುವು ದಾರಿಯಲ್ಲೇ ಮುಗಿದುಹೋಗಿತ್ತು. ಹುಡುಗ ಬದುಕಿದ್ದಾನೆ. ಬಲಗೈ ಎತ್ತಕ್ಕಾಗಲ್ಲ. ಮಾತು ಹುಡುಕಿ ಹುಡುಕಿ ಆಡ್ತಾನೆ. ಮೊದಲ ಆಸ್ಪತ್ರೆಯ ವೂಂಡ್ ಸರ್ಟಿಫಿಕೇಟ್‌ನಲ್ಲಿ ಬರೆದದ್ದು: ಸಾದಾ ಗಾಯ.

"ಕುಡಿದಿದ್ದಾನೆ" ಅನ್ನೋ ಮಾತು ನೆನಪಿಟ್ಟುಕೊಳ್ಳಿ. ಬುರುಡೆ ಮತ್ತು ಮೆದುಳ ಹೊದಿಕೆ ನಡುವೆ ರಕ್ತ ಸೇರಿಕೊಂಡ ಕೆಲವರು ಮೊದಲು ಸರಿಯಾಗೇ ಮಾತಾಡ್ತಾರೆ, ಒಂದೆರಡು ಗಂಟೆ ಬಿಟ್ಟು ಕುಸೀತಾರೆ. ಇದು ಎಂಬಿಬಿಎಸ್ ಪುಸ್ತಕದಲ್ಲೇ ಇದೆ. ಆದರೆ ಹರಿದ ಅಂಗಿ, ಕಪ್ಪು ಮೈ, ಕೇರಿಯ ವಿಳಾಸ ನೋಡಿದ ಕೂಡಲೇ ಪುಸ್ತಕ ಮರೆತುಹೋಗುತ್ತೆ. ಬಾಬಾಸಾಹೇಬರು ತಮ್ಮ 'ವೇಯ್ಟಿಂಗ್ ಫಾರ್ ಎ ವೀಸಾ' ಬರಹದಲ್ಲಿ ಕಾಠಿಯಾವಾಡದ ಬಾಣಂತಿಯ ಕತೆ ದಾಖಲಿಸಿದ್ದಾರೆ. 1929ರಲ್ಲಿ ಬೆಳಕಿಗೆ ಬಂದ ಸಂಗತಿ. ಡಾಕ್ಟರು ಅವಳನ್ನ ಮುಟ್ಟಲಿಲ್ಲ. ಥರ್ಮಾಮೀಟರ್ ಕೂಡ ಇನ್ನೊಬ್ಬರ ಕೈ ದಾಟಿಸಿ ಕೊಟ್ಟ. ಅವಳು ಸತ್ತಳು. ಇವತ್ತು ಮುಟ್ತಾರೆ, ಒಪ್ಪೋಣ. ಆದರೆ ಮುಟ್ಟೋ ಮುಂಚೆಯೇ ತೀರ್ಪು ಕೊಡ್ತಾರಲ್ಲ, ಅದಕ್ಕೇನು ಹೆಸರು?

ಈಗ ಎರಡನೇ ಮೋಸ: ಸ್ಟೀರಾಯ್ಡ್. ಮೆದುಳಿನ ಗೆಡ್ಡೆಯ ಸುತ್ತ ಆಗೋ ಊತಕ್ಕೆ ಡೆಕ್ಸಾಮೆಥಾಸೋನ್ ಚೆನ್ನಾಗಿ ಕೆಲಸ ಮಾಡುತ್ತೆ, ನಿಜ. ಅದನ್ನೇ ನಂಬಿ ತಲೆಗೆ ಏಟು ಬಿದ್ದವರಿಗೂ ಮೂವತ್ತು ವರ್ಷ ಸ್ಟೀರಾಯ್ಡ್ ಕೊಟ್ಟರು. ಕೊನೆಗೆ ಕ್ರ್ಯಾಶ್ ಅನ್ನೋ ಹೆಸರಿನ ದೊಡ್ಡ ಪ್ರಯೋಗ ಆಯ್ತು. 49 ದೇಶ, 239 ಆಸ್ಪತ್ರೆ. 20,000 ಜನರನ್ನ ಸೇರಿಸೋ ಯೋಜನೆ ಇತ್ತು, 10,008ಕ್ಕೇ ನಿಲ್ಲಿಸಬೇಕಾಯ್ತು. ಯಾಕೆ ಗೊತ್ತಾ? ಸ್ಟೀರಾಯ್ಡ್ ಕೊಟ್ಟವರೇ ಹೆಚ್ಚು ಸಾಯ್ತಿದ್ರು. ಎರಡು ವಾರದೊಳಗೆ ಮಿಥೈಲ್‌ಪ್ರೆಡ್ನಿಸೋಲೋನ್ ಪಡೆದವರಲ್ಲಿ 1,052 ಸಾವು, ಶೇ 21.1. ಪಡೆಯದವರಲ್ಲಿ 893, ಶೇ 17.9. ನೂರಕ್ಕೆ ಮೂರು ಜೀವ ಹೆಚ್ಚುವರಿ. 2004ರಲ್ಲಿ ಲ್ಯಾನ್ಸೆಟ್‌ನಲ್ಲಿ ಪ್ರಕಟ ಆಯ್ತು. ಮುಂದಿನ ವರ್ಷ ಆರು ತಿಂಗಳ ಲೆಕ್ಕ ಬಂತು, ಅದೂ ಅದನ್ನೇ ಹೇಳ್ತು. ತಲೆಗಾಯಕ್ಕೆ ಸ್ಟೀರಾಯ್ಡ್ ಬೇಡ ಅಂತ ಮಾರ್ಗಸೂಚಿ ಖಡಾಖಂಡಿತವಾಗಿ ಹೇಳುತ್ತೆ. ಇಪ್ಪತ್ತು ವರ್ಷ ಆಯ್ತು. ಬರೀ ತಲೆಗೆ ಏಟು ಬಿದ್ದು ಬಂದವರ ಡಿಸ್ಚಾರ್ಜ್ ಕಾರ್ಡಿನಲ್ಲಿ ಡೆಕ್ಸಾ ಅಂತ ಬರೆದಿರೋದನ್ನ ನಾನು ಈಗಲೂ ನೋಡ್ತಿದ್ದೀನಿ. ಯಾಕ್ ಸಾರ್ ಅಂದ್ರೆ, "ಊತಕ್ಕೆ."

ಮೂರನೇ ಮೋಸ, ಮೆದುಳಿನ ಟಾನಿಕ್. ಸಿಟಿಕೋಲಿನ್ ಅನ್ನೋದು. ಹೊರಗಿನ ಮೆಡಿಕಲ್‌ನಿಂದ ತರಿಸ್ತಾರೆ, ತಿಂಗಳುಗಟ್ಟಲೆ. ಅಮೆರಿಕದಲ್ಲಿ 1,213 ಜನರಿಗೆ 90 ದಿನ ಕೊಟ್ಟು ನೋಡಿದ್ರು. 2012ರ ಫಲಿತಾಂಶ: ಸಕ್ಕರೆ ಗುಳಿಗೆಯಂಥ ಹುಸಿ ಔಷಧಿ ಪಡೆದವರಿಗಿಂತ ಏನೂ ಹೆಚ್ಚು ಲಾಭ ಇಲ್ಲ. ಪ್ರೊಜೆಸ್ಟರಾನ್ ಹಾರ್ಮೋನು ಮೆದುಳು ಉಳಿಸುತ್ತೆ ಅಂದ್ರು. 2014ರಲ್ಲಿ ಎರಡು ದೊಡ್ಡ ಪ್ರಯೋಗಗಳು ಬಂದವು, ಒಂದರಲ್ಲಿ 882, ಇನ್ನೊಂದರಲ್ಲಿ 1,195 ಜನ. ಎರಡರಲ್ಲೂ ಲಾಭ ಸೊನ್ನೆ. ಕಿವಿಯೋಲೆ ಅಡ ಇಟ್ಟು, ಕೈಸಾಲ ಮಾಡಿ ಟಾನಿಕ್ ತಂದ ತಾಯಂದಿರನ್ನ ನಾನು ಬಲ್ಲೆ. ಅದೇ ದುಡ್ಡು ಫಿಸಿಯೋಥೆರಪಿಗೆ, ಮಾತಿನ ತರಬೇತಿಗೆ, ಹಾಲು ಮೊಟ್ಟೆಗೆ ಹೋಗಿದ್ರೆ?

ಇನ್ನೂ ಕೇಳಿ. ಮ್ಯಾನಿಟಾಲನ್ನ ಭಾರೀ ಪ್ರಮಾಣದಲ್ಲಿ ಕೊಟ್ಟರೆ ಪವಾಡ ಆಗುತ್ತೆ ಅಂತ ಬ್ರೆಜಿಲ್‌ನಿಂದ 2001ರಿಂದ 2004ರೊಳಗೆ ಮೂರು ಪ್ರಯೋಗ ಪ್ರಕಟ ಆದವು. ಆಮೇಲೆ ಪರಿಶೀಲಿಸಿದವರಿಗೆ ಆ ಪ್ರಯೋಗಗಳು ನಡೆದವು ಅನ್ನೋಕೇ ಪುರಾವೆ ಸಿಗಲಿಲ್ಲ. ಆ ರೋಗಿಗಳು ನಿಜಕ್ಕೂ ಇದ್ದರಾ ಅನ್ನೋ ಪ್ರಶ್ನೆಯನ್ನೇ 2007ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಎತ್ತಿತು. ತಲೆಗೆ ಏಟು ಬಿದ್ದು ಬಿದ್ದಿರೋನು ಪ್ರಶ್ನೆ ಕೇಳಲ್ಲ. ಅವನ ಹೆಸರಲ್ಲಿ ಏನು ಬೇಕಾದ್ರೂ ಬರೀಬಹುದು. ಅದಕ್ಕೇ ಅವನ ಪರವಾಗಿ ಪ್ರಶ್ನೆ ಕೇಳೋರು ಪಕ್ಕದಲ್ಲಿ ನಿಂತಿರಬೇಕು.

ಕೆಲಸ ಮಾಡೋದು ಏನೂ ಇಲ್ವಾ? ಇದೆ. ತಲೆ ಸ್ವಲ್ಪ ಎತ್ತರಿಸಿ ಮಲಗಿಸೋದು. ಆಮ್ಲಜನಕ ಶೇ 90ಕ್ಕಿಂತ ಇಳಿಯದಂತೆ, ಬಿಪಿ ಬೀಳದಂತೆ ಕಾಯೋದು. ಬೇಗ ಸಿಟಿ ಸ್ಕ್ಯಾನ್. ಟ್ರಾನೆಕ್ಸಾಮಿಕ್ ಆಸಿಡ್ ಅನ್ನೋ ಇಂಜೆಕ್ಷನ್ ಇದೆ, ಜಪಾನಿನ ಒಕಾಮೊಟೊ ದಂಪತಿ 1962ರಲ್ಲಿ ಲೋಕಕ್ಕೆ ಕೊಟ್ಟದ್ದು. ಊತಕ್ಕಲ್ಲ, ರಕ್ತಸ್ರಾವ ತಡೆಯೋಕೆ. 2019ರ ಕ್ರ್ಯಾಶ್-3 ಪ್ರಯೋಗದಲ್ಲಿ 29 ದೇಶಗಳ 12,737 ಜನ ಇದ್ದರು. ಎಲ್ಲರನ್ನೂ ಸೇರಿಸಿ ನೋಡಿದ್ರೆ ಲಾಭ ಖಚಿತ ಆಗಲಿಲ್ಲ. ಆದರೆ ಪೂರ್ತಿ ಪ್ರಜ್ಞೆ ತಪ್ಪದ, ಸಣ್ಣ ಮತ್ತು ಮಧ್ಯಮ ಗಾಯದವರಿಗೆ 3 ಗಂಟೆಯೊಳಗೆ ಕೊಟ್ಟಾಗ ಸಾವು ಕಡಿಮೆ ಆಯ್ತು, ತಡ ಆದಷ್ಟೂ ಲಾಭ ಕರಗಿತು. ಗಮನಿಸಿ, ಮತ್ತೆ ಅದೇ ಗಂಟೆಗಳ ಲೆಕ್ಕ. "ಕುಡಿದಿದ್ದಾನೆ, ಮಲಗ್ಲಿ" ಅಂತ ಕಳೆದದ್ದು ಇಂಥ ಗಂಟೆಗಳನ್ನೇ.

ಈಗ ಸರ್ಕಾರದ ಲೆಕ್ಕ ನೋಡೋಣ. ರಸ್ತೆ ಅಪಘಾತ ಆದವರಿಗೆ 2025ರಿಂದ ಕೇಂದ್ರದ ನಗದುರಹಿತ ಚಿಕಿತ್ಸೆ ಯೋಜನೆ ಇದೆ: 7 ದಿನ, ಒಂದೂವರೆ ಲಕ್ಷದವರೆಗೆ. ಒಳ್ಳೇದು, ಬೇಕಾದ್ದೇ. ಆದರೆ ಅದು ಮೋಟಾರು ವಾಹನ ಗುದ್ದಿದವರಿಗೆ. ಜಾತಿ ಗುದ್ದಿದವರಿಗೆ? ದೌರ್ಜನ್ಯ ತಡೆ ಕಾಯ್ದೆಯ 1995ರ ನಿಯಮಗಳಲ್ಲಿ 11ನೇ ನಿಯಮ ಔಷಧಿ, ವಿಶೇಷ ವೈದ್ಯರ ಸಲಹೆ, ರಕ್ತ ಕೊಡಿಸಿದ್ದರ ಖರ್ಚು ಮರುಪಾವತಿ ಮಾಡಿ ಅನ್ನುತ್ತೆ. ಮರುಪಾವತಿ! ಮೊದಲು ನೀವು ಹಾಕಿ, ಆಮೇಲೆ ಬಿಲ್ ಹಿಡಿದು ಅಲೆಯಿರಿ. 12ನೇ ನಿಯಮ ತಕ್ಷಣದ ಪರಿಹಾರ 7 ದಿನದೊಳಗೆ ಅನ್ನುತ್ತೆ. ಮೆದುಳಿನ ಊತ ಏರೋದು ಮೊದಲ ಎರಡು ಮೂರು ದಿನದಲ್ಲಿ. ಕಡತಕ್ಕೆ ಏಳು ದಿನ ಸಾಕು, ತಲೆಗೆ ಏಳು ದಿನ ಎಲ್ಲಿದೆ?

ಗಾಯದ ಸರ್ಟಿಫಿಕೇಟಿನ ವಿಷಯವೂ ಇದೇ. ಭಾರತೀಯ ನ್ಯಾಯ ಸಂಹಿತೆ 116ನೇ ಸೆಕ್ಷನ್ ಪ್ರಕಾರ ಮೂಳೆ ಮುರಿತ, ಜೀವಕ್ಕೆ ಅಪಾಯ ತಂದ ಗಾಯ, 15 ದಿನ ತೀವ್ರ ನೋವು ಕೊಟ್ಟ ಅಥವಾ ದಿನನಿತ್ಯದ ಕೆಲಸ ಮಾಡಲಾಗದಂತೆ ಮಾಡಿದ ಗಾಯ ತೀವ್ರ ಗಾಯ. ಸ್ಕ್ಯಾನೇ ಮಾಡದೆ ಬುರುಡೆ ಒಡೆದಿದೆಯೋ ಇಲ್ಲವೋ ಯಾರಿಗೆ ಗೊತ್ತು? ಹೊರಗೆ ಮೂರು ಹೊಲಿಗೆ ಕಂಡರೆ ಸಾದಾ ಗಾಯ, ಆರೋಪಿಗೆ ಬೇಗ ಬೇಲ್. ಚಿಕಿತ್ಸೆಯಲ್ಲಾದ ಅನ್ಯಾಯ ಸೀದಾ ಕೋರ್ಟಿಗೆ ನಡೆದುಕೊಂಡು ಹೋಗುತ್ತೆ.

"ಎಲ್ಲದಕ್ಕೂ ಜಾತಿ ತರ್ತೀರಿ, ಬಡವರೆಲ್ಲರಿಗೂ ಹೀಗೇ ಆಗುತ್ತೆ" ಅಂತ ಕಾಮೆಂಟ್ ಬರುತ್ತೆ, ಗೊತ್ತು. ಬಡವರೆಲ್ಲರಿಗೂ ಆಗುತ್ತೆ, ಹೌದು. ಈ ಬೇಡಿಕೆ ಈಡೇರಿದ್ರೆ ಬಡವರೆಲ್ಲರೂ ಬದುಕ್ತಾರೆ. ಆದರೆ ತಲೆಗೆ ಕಲ್ಲು ಎತ್ತಿದವನು ಜಾತಿ ಕೇಳಿಯೇ ಎತ್ತಿದ್ದು ಅನ್ನೋದನ್ನ ಮರೀಬೇಡಿ.

ಇನ್ನೊಂದು ಮಾತು ನಮ್ಮ ಹುಡುಗರಿಗೆ. ರಾತ್ರಿ ಎರಡು ಗಂಟೆಗೆ ಒಬ್ಬ ನರ್ಸ್ ಜೊತೆ ನಲವತ್ತು ಹಾಸಿಗೆ ನೋಡೋ ಡ್ಯೂಟಿ ಡಾಕ್ಟರ್ ನಮ್ಮ ಶತ್ರು ಅಲ್ಲ. ಅವರಲ್ಲೂ ನಮ್ಮ ಕೇರಿಯಿಂದ ಓದಿ ಬಂದವರಿದ್ದಾರೆ. ಕೈ ಎತ್ತಬೇಡಿ, ಗಾಜು ಒಡೀಬೇಡಿ. ಸ್ಕ್ಯಾನ್ ಯಂತ್ರ ಕೊಡದೆ, ಯಂತ್ರ ಕೊಟ್ಟರೂ ನಡೆಸೋರನ್ನ ಕೊಡದೆ, ಮ್ಯಾನಿಟಾಲ್ ಬಾಟಲಿನ ಹಿಂದೆ ಅಡಗಿ ಕೂತ ಇಲಾಖೆಯನ್ನ ಹಿಡಿದು ಕೇಳಿ.

ಸೆಕ್ಷನ್‌ಗಳು ನಮಗೆ ಬಾಯಿಪಾಠ. ಇವನ್ನೂ ಸೇರಿಸಿಕೊಳ್ಳಿ. ಔಷಧಿ ತೀರ್ಮಾನ ಡಾಕ್ಟರದ್ದು, ಪ್ರಶ್ನೆ ಕೇಳೋ ಹಕ್ಕು ನಮ್ಮದು.

1. ಏಟು ಬಿದ್ದ ಸಮಯ, ಆಸ್ಪತ್ರೆ ತಲುಪಿದ ಸಮಯ, ವಾಂತಿ ಆದ ಸಮಯ, ಮಾತು ನಿಂತ ಸಮಯ ಬರೆದಿಟ್ಟುಕೊಳ್ಳಿ. ಕೇಸ್‌ಶೀಟ್‌ನಲ್ಲೂ ಬರೆಸಿ.

2. ಪ್ರಜ್ಞೆ ಅಳೆಯೋ ಗ್ಲಾಸ್ಗೋ ಸ್ಕೋರ್ 3ರಿಂದ 15ರವರೆಗೆ ಇರುತ್ತೆ. ಬಂದಾಗ ಎಷ್ಟಿತ್ತು, ಒಂದು ಗಂಟೆ ಬಿಟ್ಟು ಎಷ್ಟು ಅಂತ ಕೇಳಿ. ಇಳೀತಿದ್ದರೆ ಕಾಯೋ ಮಾತೇ ಇಲ್ಲ.

3. "ಕುಡಿದಿದ್ದಾನೆ" ಅಂದ್ರೆ, ಕುಡಿದಿದ್ರೂ ತಲೆಗೆ ಏಟು ಬಿದ್ದಿದೆ, ಸ್ಕ್ಯಾನ್ ಮಾಡಿಸಿ ಅನ್ನಿ.

4. ರೆಫರ್ ಮಾಡೋ ಮುಂಚೆ ಮುಂದಿನ ಆಸ್ಪತ್ರೆಗೆ ಫೋನ್ ಮಾಡಿಸಿ: ಸ್ಕ್ಯಾನ್ ನಡೀತಿದೆಯಾ, ನರಶಸ್ತ್ರಚಿಕಿತ್ಸಕರಿದ್ದಾರಾ, ಹಾಸಿಗೆ ಇದೆಯಾ. ಬರೀ ಚೀಟಿ ಹಿಡಿದು ಹೊರಡಬೇಡಿ.

5. ಪೊಲೀಸ್ ಬರೋತನಕ ಮುಟ್ಟಲ್ಲ ಅಂದ್ರೆ 1989ರ ಪರಮಾನಂದ ಕಟಾರಾ ತೀರ್ಪಿನ ಹೆಸರು ಹೇಳಿ. ಜೀವ ಮೊದಲು, ಕಾಗದ ಆಮೇಲೆ ಅಂತ ಸುಪ್ರೀಂ ಕೋರ್ಟೇ ಹೇಳಿದೆ.

6. ಹೊರಗಿಂದ ಔಷಧಿ ತರಿಸಿದ್ರೆ ಯಾವುದು, ಯಾಕೆ ಅಂತ ಕೇಳಿ. ಬಿಲ್ ಜೋಪಾನ ಮಾಡಿ.

ಸರ್ಕಾರಕ್ಕೆ ನಮ್ಮ ಬೇಡಿಕೆ ಇಷ್ಟು. ಪ್ರತಿ ತಾಲ್ಲೂಕಿನಿಂದ ಒಂದು ಗಂಟೆಯೊಳಗೆ ತಲುಪೋ ಜಾಗದಲ್ಲಿ ದಿನದ 24 ಗಂಟೆಯೂ ನಡೆಯೋ ಸಿಟಿ ಸ್ಕ್ಯಾನ್. ಪ್ರತಿ ಜಿಲ್ಲೆಯಲ್ಲಿ ರಾತ್ರಿಯೂ ಸಿಗೋ ನರಶಸ್ತ್ರಚಿಕಿತ್ಸೆ. ದೌರ್ಜನ್ಯದಲ್ಲಿ ಗಾಯಗೊಂಡವರಿಗೆ ಮರುಪಾವತಿ ಅಲ್ಲ, ಅದೇ ರಾತ್ರಿ ನಗದುರಹಿತ ಚಿಕಿತ್ಸೆ. ತಲೆಗಾಯದ ಕೇಸ್‌ಶೀಟ್‌ಗಳ ಆಡಿಟ್: ಯಾರಿಗೆ ಸ್ಟೀರಾಯ್ಡ್ ಕೊಟ್ಟಿರಿ, ಯಾಕೆ ಕೊಟ್ಟಿರಿ. ಸ್ಕ್ಯಾನ್ ಇಲ್ಲದೆ ತಲೆಗಾಯಕ್ಕೆ "ಸಾದಾ" ಅಂತ ಅಂತಿಮ ಸರ್ಟಿಫಿಕೇಟ್ ಬೇಡ. ಬದುಕಿ ಬಂದವರಿಗೆ ತಾಲ್ಲೂಕಿನಲ್ಲೇ ಫಿಸಿಯೋಥೆರಪಿ, ಮಾತಿನ ತರಬೇತಿ.

ಹೊಡೆದವನಿಗೆ ಜೈಲು ಕೇಳೋದನ್ನ ಬಿಡೋದು ಬೇಡ. ಅದರ ಜೊತೆಗೆ, ಏಟು ಬಿದ್ದ ಗಳಿಗೆಯಿಂದ ಆಪರೇಷನ್ ಟೇಬಲ್‌ವರೆಗಿನ ಒಂದೊಂದು ಗಂಟೆಯ ಲೆಕ್ಕವನ್ನೂ ಕೇಳೋಣ. ಔಷಧಿ ಕೊಟ್ಟ ಗಂಟೆಗಳನ್ನ ಕದ್ದವರು ಯಾವ ಎಫ್‌ಐಆರ್‌ನಲ್ಲೂ ಇಲ್ಲ. ಅವರ ಹೆಸರನ್ನೂ ಬರೆಸೋ ಕಾಲ ಬಂದಿದೆ.

ಮೇಲಿನ ಆರು ಅಂಶ ಕಾಪಿ ಮಾಡಿ ನಿಮ್ಮೂರ ವಾಟ್ಸಾಪ್ ಗ್ರೂಪಿಗೆ ಹಾಕಿ. ಓದಲು ಬಾರದವರಿಗೆ ಓದಿ ಹೇಳಿ.

ಜೈಭೀಮ್.